ದಾಕ್ಷಿಣ್ಯವನ್ನು ಅಳೆಯುವವರು ಯಾರು?

ಒಂದು ದೇಶದ ಬಂಡವಾಳ, ಇನ್ನೊಂದು ದೇಶದ ಯಂತ್ರ, ಮತ್ತೊಂದು ಊರಿನ ದುಡಿಯುವ ಕೈ ಒಂದೇ ಸೂರಿನ ಕೆಳಗೆ ಸೇರಿದಾಗ ಸರಕಿನ ಜೊತೆಗೆ ಅಪಾರ್ಥವೂ ಹುಟ್ಟುತ್ತದೆ. ಅಪ್ಪಣೆ ಕೊಡುವವರು ಒಂದು ಅರ್ಥದಲ್ಲಿ ಆಡಿದ ಮಾತು ಕೇಳುವವರ ಕಿವಿಯಲ್ಲಿ ಇನ್ನೊಂದಾಗುತ್ತದೆ. ಒಬ್ಬರ ಮೌನವನ್ನು ಮತ್ತೊಬ್ಬರು ಒಪ್ಪಿಗೆಯೆಂದು ತಿಳಿಯುತ್ತಾರೆ. ಒಬ್ಬರ ‘ನೋಡೋಣ’ ಎಂಬುದನ್ನು ಮತ್ತೊಬ್ಬರು ಭರವಸೆಯೆಂದು ನಂಬಿ ಕಾಯುತ್ತಾರೆ. ಈ ಬಗೆಯ ಅಪಾರ್ಥಗಳನ್ನೂ ಅವುಗಳ ಹಿಂದಿರುವ ನಡೆನುಡಿಗಳನ್ನೂ ಕ್ರಮವಾಗಿ ಅಭ್ಯಸಿಸುವ ಶಾಸ್ತ್ರವೊಂದು ಕಳೆದ ಅರ್ಧ ಶತಮಾನದಲ್ಲಿ ಬೆಳೆದು ನಿಂತಿದೆ. ಇಂಗ್ಲಿಷಿನಲ್ಲಿ ‘ಕ್ರಾಸ್ ಕಲ್ಚರಲ್ ಮ್ಯಾನೇಜ್‌ಮೆಂಟ್’ ಎಂದು ಹೆಸರಾದ ಅದನ್ನು ಕನ್ನಡದಲ್ಲಿ ಅಂತರ್‌ಸಾಂಸ್ಕೃತಿಕ ನಿರ್ವಹಣೆ ಎನ್ನಬಹುದು. ಅಂತರರಾಷ್ಟ್ರೀಯ ವ್ಯವಹಾರ ಅದರ ಒಡಹುಟ್ಟಿದ ವಿಷಯ.

ಈ ಕ್ಷೇತ್ರದಲ್ಲಿ ಸಂಶೋಧನೆ ನಡೆಸಿ ಪ್ರಾಧ್ಯಾಪಕ ವೃತ್ತಿಯನ್ನು ಕಟ್ಟಿಕೊಂಡವರು ಇಂದು ಜಗತ್ತಿನ ಎಲ್ಲ ಖಂಡಗಳಲ್ಲೂ ಇದ್ದಾರೆ. ‘ಜರ್ನಲ್ ಆಫ್ ಇಂಟರ್‌ನ್ಯಾಷನಲ್ ಬಿಸಿನೆಸ್ ಸ್ಟಡೀಸ್’ 1970ರಲ್ಲಿ ಆರಂಭವಾಯಿತು. ಕೇವಲ ಅಂತರ್‌ಸಾಂಸ್ಕೃತಿಕ ನಿರ್ವಹಣೆಗೆಂದೇ ಮೀಸಲಾದ ಪತ್ರಿಕೆಯೊಂದು 2001ರಿಂದ ನಡೆಯುತ್ತಿದೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಇಂಥ ಸುದ್ದಿ ಕೇಳಿದಾಗ ಅದು ವಾಣಿಜ್ಯ ವಿಭಾಗದ ಸಮಾಚಾರವೆಂದು ಪಕ್ಕಕ್ಕೆ ಸರಿಸುವುದು ರೂಢಿ. ಆ ರೂಢಿ ತಪ್ಪು. ಸಂಸ್ಕೃತಿಯನ್ನು ಅಳೆಯಲು ಹೊರಟ ಈ ಶಾಸ್ತ್ರಕ್ಕೆ ಇಂದು ಇರುವ ದೊಡ್ಡ ಕೊರತೆ ಭಾಷೆ ಬಲ್ಲವರದು; ಆ ಕೊರತೆಯನ್ನು ತುಂಬುವ ಅರ್ಹತೆ ಭಾಷೆ-ಸಾಹಿತ್ಯಗಳನ್ನು ಓದಿದವರಿಗೆ ಉಳಿದವರಿಗಿಂತ ಹೆಚ್ಚು ಇದೆ. ಇದಕ್ಕೆ ಸಾಕ್ಷಿ ಬೇಕಾದರೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಹೊಸೂರಿಗೆ, ಅಲ್ಲಿಂದ ಮುಂದೆ ಧರ್ಮಪುರಿ, ಸೇಲಂಗಳಿಗೆ ಹೋದರೆ ಸಾಕು. ಆದರೆ ಅದಕ್ಕೆ ಮುನ್ನ ಈ ಶಾಸ್ತ್ರ ನಡೆದುಬಂದ ದಾರಿಯನ್ನು ಸ್ವಲ್ಪ ತಿಳಿಯಬೇಕು.

ಈ ಕ್ಷೇತ್ರದಲ್ಲಿ ಎಲ್ಲರೂ ಮೊದಲು ಓದುವ ಹೆಸರು ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡೆಯವರದು (1928–2020). ಅವರು ಮೊದಲಿಗೆ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಬಳಿಕ ಸಾಮಾಜಿಕ ಮನೋವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಐಬಿಎಂ ಕಂಪನಿಯ ನೌಕರರಿಂದ 1967 ಮತ್ತು 1973ರ ನಡುವೆ ಸಂಗ್ರಹಿಸಿದ ಒಂದು ಲಕ್ಷಕ್ಕೂ ಮಿಕ್ಕಿದ ಪ್ರಶ್ನಾವಳಿಗಳನ್ನು ವಿಶ್ಲೇಷಿಸಿ, 1980ರಲ್ಲಿ ‘ಕಲ್ಚರ್ಸ್ ಕಾನ್ಸಿಕ್ವೆನ್ಸಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ದೇಶದೇಶಗಳ ಸಂಸ್ಕೃತಿಯನ್ನು ಅಂಕಿಗಳಲ್ಲಿ ಹೋಲಿಸಬಹುದೆಂದು ಆ ಗ್ರಂಥ ತೋರಿಸಿತು. ಮೇಲಿನವರಿಗೂ ಕೆಳಗಿನವರಿಗೂ ನಡುವೆ ಇರುವ ಅಸಮಾನತೆಯನ್ನು ಒಂದು ಸಮಾಜ ಎಷ್ಟರಮಟ್ಟಿಗೆ ಸಹಜವೆಂದು ಒಪ್ಪುತ್ತದೆ ಎಂಬುದಕ್ಕೆ ಅವರು ‘ಅಧಿಕಾರದ ಅಂತರ’ ಎಂಬ ಸೂಚ್ಯಂಕವನ್ನು ಕಲ್ಪಿಸಿದರು. ಅದರಲ್ಲಿ ಡೆನ್ಮಾರ್ಕಿಗೆ 18, ಅಮೆರಿಕಕ್ಕೆ 40, ಜಪಾನಿಗೆ 54, ಭಾರತಕ್ಕೆ 77. ಅನಿಶ್ಚಿತತೆಯನ್ನು ದೂರವಿಡುವ ಹಂಬಲವನ್ನು ಅಳೆಯುವ ಮತ್ತೊಂದು ಸೂಚ್ಯಂಕದಲ್ಲಿ ಜಪಾನಿಗೆ 92 ಬಂದರೆ ಭಾರತಕ್ಕೆ ಬಂದದ್ದು 40.

ಹಾಫ್‌ಸ್ಟೆಡೆಯವರ ಬಳಿಕ ರಾಬರ್ಟ್ ಹೌಸ್ ಎಂಬ ಅಮೆರಿಕದ ವಿದ್ವಾಂಸರ ಮುಂದಾಳುತನದಲ್ಲಿ ‘ಗ್ಲೋಬ್’ ಎಂಬ ಇನ್ನೂ ದೊಡ್ಡ ಅಧ್ಯಯನ ನಡೆಯಿತು. 62 ಸಮಾಜಗಳ ಸುಮಾರು 17,000 ವ್ಯವಸ್ಥಾಪಕರನ್ನು ಅದು ಒಳಗೊಂಡಿತು. ಅದರ ಮುಖ್ಯ ಗ್ರಂಥ 2004ರಲ್ಲಿ ಹೊರಬಂತು. ಭಾರತದ ಭಾಗದ ಅಧ್ಯಯನದಲ್ಲಿ ಅಹಮದಾಬಾದಿನ ಐಐಎಂನ ಪ್ರಾಧ್ಯಾಪಕ ಜಗದೀಪ್ ಛೋಕರ್ ಪಾಲ್ಗೊಂಡಿದ್ದರು. ಒಟ್ಟಿನಲ್ಲಿ, ಪ್ರಶ್ನಾವಳಿ ರೂಪಿಸುವುದು, ಅನುವಾದಿಸುವುದು, ಹಂಚುವುದು, ಉತ್ತರಗಳನ್ನು ಅಂಕಿಯಾಗಿಸಿ ದೇಶಗಳನ್ನು ಹೋಲಿಸುವುದು ಈ ಕ್ಷೇತ್ರದ ಪ್ರಧಾನ ವಿಧಾನವಾಯಿತು.

ಈ ವಿಧಾನಕ್ಕೆ ತಕರಾರು ಇಲ್ಲದಿಲ್ಲ. ಬ್ರೆಂಡನ್ ಮೆಕ್‌ಸ್ವೀನಿ ಎಂಬ ವಿಮರ್ಶಕರು 2002ರಲ್ಲಿ ಹಾಫ್‌ಸ್ಟೆಡೆಯವರ ತಳಹದಿಯನ್ನೇ ಪ್ರಶ್ನಿಸಿದರು. ಒಂದು ಕಂಪನಿಯ ನೌಕರರು ಒಂದು ದೇಶಕ್ಕೆ ಪ್ರತಿನಿಧಿಗಳಾಗುವುದು ಹೇಗೆ? ಒಂದು ದೇಶವೆಂದರೆ ಒಂದೇ ಸಂಸ್ಕೃತಿಯೆಂದು ಹಿಡಿಯುವುದು ಹೇಗೆ? ಭಾರತದ 77 ಎಂಬ ಅಂಕಿಯ ಹಿಂದೆ ಇರುವುದು ಅಂದಿನ ಐಬಿಎಂ ನೌಕರರ ಉತ್ತರಗಳು. ಆ ಕಂಪನಿಯೇ 1978ರಲ್ಲಿ ಭಾರತದ ವ್ಯವಹಾರವನ್ನು ಮುಚ್ಚಿ ಹೊರಟುಹೋಯಿತು. ಹೀಗಿದ್ದರೂ ಆ 77 ಎಂಬುದು ಪಠ್ಯಪುಸ್ತಕದಿಂದ ಪಠ್ಯಪುಸ್ತಕಕ್ಕೆ ಸಾಗಿ, ಭಾರತೀಯರೆಲ್ಲರ ಸ್ವಭಾವವೆಂಬಂತೆ ಇಂದಿಗೂ ಪಾಠವಾಗುತ್ತಿದೆ.

ಒಂದು ದೇಶಕ್ಕೆ ಒಂದೇ ಅಂಕಿ ಎಂಬ ಈ ಲೆಕ್ಕ ಎಲ್ಲಿ ಕುಸಿಯುತ್ತದೆಂದು ನೋಡಲು ಹಳೆಯ ಸೇಲಂ ಜಿಲ್ಲೆಗಿಂತ ಒಳ್ಳೆಯ ನೆಲ ಸಿಗಲಾರದು. ಇಂದಿನ ಕೃಷ್ಣಗಿರಿ ಜಿಲ್ಲೆ 2004ರವರೆಗೆ ಧರ್ಮಪುರಿಯ ಭಾಗವಾಗಿತ್ತು. ಧರ್ಮಪುರಿ 1965ರವರೆಗೆ ಸೇಲಂ ಜಿಲ್ಲೆಯ ಭಾಗವಾಗಿತ್ತು. ಹೊಸೂರು, ಡೆಂಕಣಿಕೋಟೆ, ತಳಿಗಳ ಸುತ್ತ ಕನ್ನಡವೂ ತೆಲುಗೂ ತಮಿಳೂ ಒಂದೇ ಸಂತೆಯಲ್ಲಿ ಕೇಳಿಸುತ್ತವೆ. ಸೇಲಂ ನಗರದ ಮಗ್ಗದ ಕೇರಿಗಳಲ್ಲಿ ಮನೆಮಾತಾಗಿ ಕನ್ನಡವಾಡುವ ದೇವಾಂಗರಿದ್ದಾರೆ. ಅವರ ಸಮೀಪದಲ್ಲೇ ಸೌರಾಷ್ಟ್ರ ಭಾಷೆಯಾಡುವ ನೇಕಾರರಿದ್ದಾರೆ. ಮರಾಠಿ ಬಲ್ಲವರ ಕಿವಿಗೆ ಆ ಸೌರಾಷ್ಟ್ರ ನುಡಿಯಲ್ಲಿ ಅಲ್ಲಲ್ಲಿ ಪರಿಚಿತ ಪದಗಳು ಹೊಳೆಯುತ್ತವೆ. ಹೊಗೇನಕಲ್ ಎಂಬ ಹೆಸರಿನಲ್ಲಿ ‘ಹೊಗೆ’ಯೂ ‘ಕಲ್ಲೂ’ ಇರುವುದನ್ನು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇವರೆಲ್ಲರಿಗೂ ಒಂದೇ 77 ಎಂದು ಬರೆದಿಟ್ಟರೆ ಅದರಿಂದ ಯಾರ ಬಗ್ಗೆ ಏನು ತಿಳಿದಂತಾಯಿತು?

ಈ ಬೆರಕೆ ನಿನ್ನೆ ಮೊನ್ನೆಯದಲ್ಲ, ಇಲ್ಲಿಯ ವ್ಯಾಪಾರವೂ ನಿನ್ನೆ ಮೊನ್ನೆಯದಲ್ಲ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಸಂಗಂ ಕಾಲದ ಅದಿಯಮಾನ್ ಅರಸರ ನೆಲೆಯಾಗಿದ್ದ ಆ ಊರು ಮುಂದೆ ನೊಳಂಬರ ಕೈಗೆ ಬಂತು. ಒಂಬತ್ತನೆಯ ಶತಮಾನದ ಕೊನೆಯಲ್ಲಿ, ನೊಳಂಬ ಮಹೇಂದ್ರನ ಕಾಲದಲ್ಲಿ, ಸೆಟ್ಟಿಯೊಬ್ಬನ ಮಕ್ಕಳು ತಗಡೂರಿನಲ್ಲಿ ಬಸದಿ ಕಟ್ಟಿಸಿದ ಸಂಗತಿಯನ್ನು ಅಲ್ಲಿಯ ಕನ್ನಡ ಶಾಸನ ಹೇಳುತ್ತದೆ. ಅಂದರೆ ತಮಿಳು ಅರಸರ ಹಳೆಯ ಊರಿನಲ್ಲಿ ವ್ಯಾಪಾರಿ ಮನೆತನವೊಂದು ತನ್ನ ದಾನವನ್ನು ಕನ್ನಡದಲ್ಲಿ ಬರೆಸಿತು. ಬಳಿಕ 1792ರಲ್ಲಿ, ಶ್ರೀರಂಗಪಟ್ಟಣದ ಒಪ್ಪಂದದ ಫಲವಾಗಿ, ಬಾರಾಮಹಲ್ ಪ್ರದೇಶ ಟಿಪ್ಪುವಿನಿಂದ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಅಲೆಗ್ಸಾಂಡರ್ ರೀಡನೂ ಅವನ ಸಹಾಯಕನಾಗಿ ಥಾಮಸ್ ಮನ್ರೋನೂ ಇಲ್ಲಿ ಹೊಲಹೊಲವನ್ನು ಅಳೆಸಿ, ಒಬ್ಬೊಬ್ಬ ರೈತನೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಯನ್ನು ರೂಪಿಸಿದರು. ಸಾವಿರಾರು ಮೈಲಿ ದೂರದ ಒಂದು ವ್ಯಾಪಾರಿ ಕಂಪನಿಯ ನೌಕರರು, ತಮ್ಮದಲ್ಲದ ನುಡಿಯ ಜನರೊಡನೆ ವ್ಯವಹಾರ ಕುದುರಿಸಿದ ದೊಡ್ಡ ಪ್ರಯೋಗವದು. ಅಂತರ್‌ಸಾಂಸ್ಕೃತಿಕ ನಿರ್ವಹಣೆ ಎಂಬ ಹೆಸರು ಹುಟ್ಟುವುದಕ್ಕೆ ಬಹಳ ಮೊದಲೇ ಆ ಕೆಲಸ ಧರ್ಮಪುರಿಯಲ್ಲಿ ನಡೆಯುತ್ತಿತ್ತು.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಸಾಬಕ್ಕಿಯ ಕಥೆಯಿದೆ. ಎರಡನೆಯ ಮಹಾಯುದ್ಧದಲ್ಲಿ ಆಗ್ನೇಯ ಏಷ್ಯಾದಿಂದ ಸಾಬಕ್ಕಿಯ ಆಮದು ನಿಂತಾಗ, ಸೇಲಂ ಸೀಮೆಯಲ್ಲಿ ಮರಗೆಣಸಿನ ಹಿಟ್ಟಿನಿಂದ ಅದನ್ನು ತಯಾರಿಸುವ ಉದ್ಯಮ 1943ರ ಸುಮಾರಿಗೆ ಆರಂಭವಾಯಿತು. ದಕ್ಷಿಣ ಅಮೆರಿಕದ ಗೆಡ್ಡೆ, ಮಲಯದ ತಂತ್ರ, ಸೇಲಂ ರೈತರ ಬೆವರು ಸೇರಿ ಏಕಾದಶಿಯ ಉಪವಾಸದ ತಿನಿಸಾಗಿ ಮಹಾರಾಷ್ಟ್ರದ ಅಡುಗೆಮನೆಗಳನ್ನು ತಲುಪಿದವು. ತಯಾರಕರ ಸಹಕಾರ ಸಂಘವಾದ ‘ಸಾಗೋಸರ್ವ್’ 1981ರಲ್ಲಿ ಸೇಲಂನಲ್ಲಿ ಸ್ಥಾಪನೆಯಾಯಿತು. ಸಾಬೂದಾಣೆಯ ಖಿಚಡಿ ಉಣ್ಣುವವರಲ್ಲಿ ಈ ದಾರಿಯನ್ನು ಬಲ್ಲವರು ಕಡಿಮೆ.

ಹೊಸೂರಿನ ಕಥೆ ಇನ್ನೂ ಹತ್ತಿರದ್ದು. ಭಾರತದ ಟಿವಿಎಸ್ ಸಮೂಹ ಮತ್ತು ಜಪಾನಿನ ಸುಜುಕಿ ಕಂಪನಿ 1982ರಲ್ಲಿ ಕೈಜೋಡಿಸಿದವು. 1984ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಇಂಡ್-ಸುಜುಕಿ ಮೋಟಾರ್‌ಸೈಕಲ್ಲುಗಳು ಹೊರಬಂದವು. ಅದೇ 1984ರಲ್ಲಿ ಟಾಟಾ ಸಮೂಹವೂ ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮವೂ ಕೂಡಿ ಟೈಟನ್ ಕಂಪನಿಯನ್ನು ಕಟ್ಟಿದವು. ಅದರ ಗಡಿಯಾರದ ಕಾರ್ಖಾನೆಯೂ ಹೊಸೂರಿನಲ್ಲೇ ಎದ್ದಿತು. ಫ್ರಾನ್ಸಿನಿಂದ ತಂತ್ರಜ್ಞಾನ ಬಂತು; ಶಾಲೆಯಿಂದ ಆಗತಾನೇ ಹೊರಬಂದ ಹಳ್ಳಿಗಾಡಿನ ಹುಡುಗ ಹುಡುಗಿಯರಿಗೆ ಸೂಕ್ಷ್ಮ ಕೆಲಸದ ತರಬೇತಿ ಸಿಕ್ಕಿತು. ಟಿವಿಎಸ್ ಮತ್ತು ಸುಜುಕಿಗಳ ಪಾಲುದಾರಿಕೆ 2001ರಲ್ಲಿ ಮುಗಿಯಿತು. ಮರುವರ್ಷವೇ, 2002ರಲ್ಲಿ, ಟಿವಿಎಸ್ ಮೋಟಾರ್ ಕಂಪನಿಗೆ ಗುಣಮಟ್ಟಕ್ಕಾಗಿ ಕೊಡುವ ಜಪಾನಿನ ಡೆಮಿಂಗ್ ಪ್ರಶಸ್ತಿ ಬಂತು. ಆ ಪ್ರಶಸ್ತಿಯ ಹೆಸರು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್‌ರದು. ಯುದ್ಧಾನಂತರದ ಜಪಾನಿಗೆ ಹೋಗಿ ಪಾಠ ಹೇಳಿದವರು ಅವರು. ಅಮೆರಿಕದ ವಿಚಾರ ಜಪಾನಿನಲ್ಲಿ ಬೇರೂರಿ, ಅಲ್ಲಿಂದ ಕನ್ನಡ-ತೆಲುಗು-ತಮಿಳಿನ ಹೊಸೂರಿಗೆ ಬಂದು ಫಲ ಕೊಟ್ಟಿತು.

ಆ ವಿಚಾರದ ತಿರುಳು ಇಷ್ಟು: ಯಂತ್ರದ ಮುಂದೆ ನಿಂತಿರುವ ಕೆಲಸಗಾರರಿಗೆ ದೋಷ ಮೊದಲು ಕಾಣುತ್ತದೆ, ಕಂಡದ್ದನ್ನು ಅವರು ಅಲ್ಲೇ, ಆಗಲೇ ಹೇಳಬೇಕು. ಕೇಳಲು ಇದು ಸುಲಭ. ಆದರೆ ಯಾವುದೇ ಕಾರ್ಖಾನೆಯನ್ನು ಕಲ್ಪಿಸಿಕೊಂಡರೂ, ಹದಿನೆಂಟರ ಹರೆಯದ ಹುಡುಗ ಊರಿನ ಸಂಬಂಧದಲ್ಲಿ ‘ಅಣ್ಣ’ನಾಗಬೇಕಾದ ಹಿರಿಯ ಮೇಸ್ತ್ರಿಯ ಮುಂದೆ ನಿಂತು, ‘ನೀವು ಕೂರಿಸಿದ ಭಾಗ ಸರಿಯಿಲ್ಲ’ ಎನ್ನುವುದು ಅಷ್ಟು ಸುಲಭವಲ್ಲ. ಅವನ ಬಾಯಿ ಕಟ್ಟಿಹಾಕುವುದು ಯಾವುದು? ಹಾಫ್‌ಸ್ಟೆಡೆಯವರ ಸೂಚ್ಯಂಕ ನಿಂತಿರುವ ಮುಖ್ಯ ಪ್ರಶ್ನೆಯೂ ಇದೇ: ಮೇಲಿನವರ ಅಭಿಪ್ರಾಯವನ್ನು ಒಪ್ಪದೆ ಇದ್ದಾಗ ಅದನ್ನು ಹೇಳಲು ಕೆಳಗಿನವರು ಎಷ್ಟು ಸಲ ಹೆದರುತ್ತಾರೆ?

ಈಗ ಆ ಪ್ರಶ್ನೆಯನ್ನು ಕನ್ನಡಕ್ಕೆ ತರಲು ಐಚ್ಛಿಕ ಕನ್ನಡದ ವಿದ್ಯಾರ್ಥಿಯೊಬ್ಬರನ್ನು ಕೂರಿಸೋಣವೆಂದುಕೊಂಡರೆ, ಮೊದಲ ತೊಡಕು ‘ಹೆದರುತ್ತಾರೆ’ ಎಂಬಲ್ಲೇ ಎದುರಾಗುತ್ತದೆ. ಭಯ ಒಂದು, ಅಂಜಿಕೆ ಒಂದು, ಅಳುಕು ಒಂದು. ಸಂಕೋಚ ಬೇರೆ, ಹಿಂಜರಿಕೆ ಬೇರೆ, ಮರ್ಯಾದೆ ಬೇರೆ. ಇವೆಲ್ಲಕ್ಕೂ ಬೇರೆಯಾಗಿ ದಾಕ್ಷಿಣ್ಯವೆಂಬುದೊಂದಿದೆ. ಭಯದಲ್ಲಿ ಎದುರಿನವರಿಂದ ತನಗೆ ಆಗಬಹುದಾದ ಕೇಡಿನ ಎಣಿಕೆಯಿದೆ. ದಾಕ್ಷಿಣ್ಯದಲ್ಲಿ ತನ್ನಿಂದ ಎದುರಿನವರಿಗೆ ಆಗಬಹುದಾದ ನೋವಿನ ಎಣಿಕೆಯಿದೆ. ಭಯಪಡುವವರು ಅಧಿಕಾರ ಹೋದೊಡನೆ ಮಾತನಾಡುತ್ತಾರೆ. ದಾಕ್ಷಿಣ್ಯಪಡುವವರು ಆಗಲೂ ಸುಮ್ಮನಿರುತ್ತಾರೆ. ‘ಹೆದರುತ್ತೀರಾ’ ಎಂದು ಕೇಳಿದರೆ ‘ಇಲ್ಲ’ ಎನ್ನುವ ಮನುಷ್ಯನೇ ‘ದಾಕ್ಷಿಣ್ಯವಾಗುತ್ತದೆಯೇ’ ಎಂದು ಕೇಳಿದರೆ ‘ಹೌದು’ ಎಂದಾನು. ಅನುವಾದಕರು ಆರಿಸುವ ಒಂದು ಪದದ ಮೇಲೆ ಅಂಕಿ ಏರುತ್ತದೆ, ಇಳಿಯುತ್ತದೆ.

ತೊಡಕು ಕನ್ನಡದಲ್ಲಿಗೇ ಮುಗಿಯುವುದಿಲ್ಲ. ಹೊಸೂರಿನ ಅದೇ ಕಾರ್ಖಾನೆಯಲ್ಲಿ ತೆಲುಗಿನವರಿಗೆ ಇದೇ ಭಾವಕ್ಕೆ ‘ಮೊಹಮಾಟಂ’ ಎಂಬ ಸೊಗಸಾದ ಪದವಿದೆ. ತಮಿಳಿನಲ್ಲಿ ದಾಕ್ಷಿಣ್ಯದ ತದ್ಭವವಿದ್ದರೂ ಅದು ಹೆಚ್ಚಾಗಿ ಕರುಣೆಯ ಕಡೆಗೆ ವಾಲುತ್ತದೆ. ಕನ್ನಡದ ಈ ಭಾವವನ್ನು ಅಲ್ಲಿ ತರಲು ‘ತಯಕ್ಕಂ’, ‘ಕೂಚ್ಚಂ’ ಮುಂತಾದ ಪದಗಳ ನಡುವೆ ತೂಗಿ ನೋಡಬೇಕು. ಮರಾಠಿಯ ‘ಭೀಡ’ ಹೆಚ್ಚುಕಡಿಮೆ ಇದೇ ಅರ್ಥದ್ದು. ಅದು ಗಡಿ ದಾಟಿ ಬಂದು ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಭಿಡೆ’ಯಾಗಿ ನಿಂತಿದೆ. ಜಪಾನೀಯರಲ್ಲಿ ‘ಎನ್‌ರ್ಯೊ’ ಎಂಬ ಪದವಿದೆ. ಎದುರಿನವರಿಗೆ ಭಾರವಾಗದಂತೆ ತನ್ನ ಬಯಕೆಯನ್ನೂ ಮಾತನ್ನೂ ಹಿಡಿದಿಟ್ಟುಕೊಳ್ಳುವ ನಡೆ ಅದು. ಹಾಗಿದ್ದರೆ ಜಪಾನಿನ ತರಬೇತುದಾರರಿಗೂ ಹೊಸೂರಿನ ಕೆಲಸಗಾರರಿಗೂ ನಡುವೆ ಅಂಕಿಗಳು ಹೇಳುವಷ್ಟು ಅಂತರವಿತ್ತೇ, ಅಥವಾ ದಾಕ್ಷಿಣ್ಯ ಮತ್ತು ಎನ್‌ರ್ಯೊಗಳ ನಡುವೆ ಒಂದು ಒಳದಾರಿಯಿತ್ತೇ? ಇದೊಂದು ಒಳ್ಳೆಯ ಡಾಕ್ಟರೇಟ್ ಪ್ರಬಂಧಕ್ಕೆ ಸಾಕಾಗುವ ಪ್ರಶ್ನೆ. ಇದನ್ನು ಎತ್ತಲು ಕೂಡ ಪದಗಳ ಬೆಲೆ ಬಲ್ಲವರು ಬೇಕು.

ಈ ಶಾಸ್ತ್ರದವರು ಅನುವಾದದ ಕಷ್ಟವನ್ನು ಅರಿಯದವರಲ್ಲ. ಪ್ರಶ್ನಾವಳಿಯನ್ನು ಒಬ್ಬರು ಅನುವಾದಿಸಿದ ಮೇಲೆ, ಮೂಲ ನೋಡದ ಮತ್ತೊಬ್ಬರು ಅದನ್ನು ಮತ್ತೆ ಮೂಲಭಾಷೆಗೆ ತಿರುಗಿಸಿ, ಎರಡನ್ನೂ ಹೋಲಿಸುವ ‘ಮರು ಅನುವಾದ’ದ ಕ್ರಮವಿದೆ. ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ಬರೆದ ಲೇಖನದಿಂದ ಅದು ಈ ಕ್ಷೇತ್ರದಲ್ಲಿ ನೆಲೆಗೊಂಡಿತು. ಆದರೆ ಆ ಕ್ರಮಕ್ಕೂ ಒಂದು ಮಿತಿಯಿದೆ. ‘ಅಫ್ರೇಡ್’ ಎಂಬುದನ್ನು ‘ಹೆದರು’ ಎಂದು ತಂದು, ‘ಹೆದರು’ ಎಂಬುದನ್ನು ಮತ್ತೆ ‘ಅಫ್ರೇಡ್’ ಎಂದು ಒಯ್ದರೆ ಹೋಲಿಕೆ ಪೂರ್ತಿ ಸರಿಹೊಂದುತ್ತದೆ. ದಾಕ್ಷಿಣ್ಯ ಮಾತ್ರ ಆ ಹೋಗಿಬರುವ ದಾರಿಯಲ್ಲಿ ಎಲ್ಲೂ ಕಾಣಿಸಿಕೊಳ್ಳುವುದೇ ಇಲ್ಲ. ಇಂಗ್ಲಿಷಿನಲ್ಲಿ ಹುಟ್ಟಿದ ಪ್ರಶ್ನೆ ಕನ್ನಡದಲ್ಲಿ ಉಳಿಯಿತೇ ಎಂಬುದನ್ನು ಮರು ಅನುವಾದ ತಿಳಿಸುತ್ತದೆ. ಕನ್ನಡದಲ್ಲಿ ಹುಟ್ಟಬೇಕಾಗಿದ್ದ ಪ್ರಶ್ನೆ ಯಾವುದೆಂಬುದನ್ನು ಅದು ತಿಳಿಸಲಾರದು.

ತಮ್ಮ ನುಡಿಯಲ್ಲಿ ಹುಟ್ಟಿದ ಪ್ರಶ್ನೆಯನ್ನು ಜಗತ್ತಿನ ಮುಂದೆ ಇಟ್ಟವರೂ ಇದ್ದಾರೆ. ಜಪಾನಿನ ಮನೋವೈದ್ಯ ತಾಕೆಓ ದೊಯಿ ‘ಅಮಾಎ’ ಎಂಬ ತಮ್ಮ ಭಾಷೆಯ ಒಂದೇ ಪದವನ್ನು ಹಿಡಿದು, ಇನ್ನೊಬ್ಬರ ಅಕ್ಕರೆಯನ್ನು ಹಕ್ಕಿನಂತೆ ನೆಚ್ಚುವ ಮನಃಸ್ಥಿತಿಯನ್ನು ವಿವರಿಸಿ 1971ರಲ್ಲಿ ಪುಸ್ತಕ ಬರೆದರು. ಆ ಪದ ಇಂದು ಜಗತ್ತಿನ ಮನೋವಿಜ್ಞಾನದಲ್ಲಿ ಚಲಾವಣೆಯಲ್ಲಿದೆ. ಸಂಬಂಧ-ಋಣಗಳ ಬಲೆಯನ್ನು ಸೂಚಿಸುವ ಚೀನೀಯರ ‘ಗ್ವಾನ್‌ಶಿ’ ಅಂತರರಾಷ್ಟ್ರೀಯ ವ್ಯವಹಾರದ ಸಂಶೋಧನೆಯಲ್ಲಿ ದೊಡ್ಡ ಶಾಖೆಯೇ ಆಗಿದೆ. ಅರಬ್ಬರ ‘ವಾಸ್ತಾ’, ಆಫ್ರಿಕದ ‘ಉಬುಂಟು’, ಹಿಂದಿಯ ‘ಜುಗಾಡ್’ ಎಲ್ಲವೂ ಪಠ್ಯಪುಸ್ತಕಗಳನ್ನು ಸೇರಿವೆ. ಆ ಸಾಲಿನಲ್ಲಿ ಕನ್ನಡದ ಪದವೊಂದು ಇನ್ನೂ ನೆಲೆಯೂರಿಲ್ಲ. ‘ಕಾಯಕ’ದ ಬಗ್ಗೆ ಬರೆದವರಿದ್ದಾರೆ, ನಿಜ, ಆದರೆ ಅಲ್ಲಿ ಹೆಚ್ಚಿನ ಮಾತು ಹೆಮ್ಮೆಯದು. ಹೆಮ್ಮೆಯಿಂದ ಶಾಸ್ತ್ರ ಹುಟ್ಟುವುದಿಲ್ಲ. ಇಂದಿನ ಕೆಲಸದ ಸ್ಥಳಗಳಲ್ಲಿ ಆ ಪದ ಯಾರ ಬಾಯಲ್ಲಿ, ಯಾವ ಹೊತ್ತಿನಲ್ಲಿ, ಯಾರಿಗೆ ಅನುಕೂಲವಾಗುವಂತೆ ಬಳಕೆಯಾಗುತ್ತದೆಂದು ಹೋಗಿ ಕೇಳಿದರೆ ಶಾಸ್ತ್ರ ಹುಟ್ಟೀತು.

ಈ ದಾರಿಯಲ್ಲಿ ಕನ್ನಡ ವಿಭಾಗಕ್ಕೆ ಹಿರಿಯರಿಲ್ಲವೆಂದು ಯಾರೂ ಹೇಳುವಂತಿಲ್ಲ. 1929ರಲ್ಲಿ ಮೈಸೂರಿನ ತಮಿಳು ಮನೆತನದಲ್ಲಿ ಹುಟ್ಟಿ, ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ, ಕನ್ನಡದಲ್ಲಿ ಕವಿತೆ ಬರೆದು, ಷಿಕಾಗೋದಲ್ಲಿ ಪ್ರಾಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ ಅವರ ‘ಭಾರತೀಯ ಚಿಂತನಾಕ್ರಮವೊಂದಿದೆಯೇ’ ಎಂಬ ಇಂಗ್ಲಿಷ್ ಪ್ರಬಂಧ 1989ರಲ್ಲಿ ಪ್ರಕಟವಾಯಿತು. ಭಾರತೀಯರ ನಡೆಯನ್ನು ತಿಳಿಯಲು ಸಂದರ್ಭವನ್ನು ಬಿಟ್ಟು ಸಾಧ್ಯವಿಲ್ಲ ಎಂಬ ಅದರ ಮುಖ್ಯ ವಿಚಾರಕ್ಕೆ ಅವರು ಆಧಾರ ಪಡೆದದ್ದು ವ್ಯಾಕರಣದಿಂದ, ಕಥೆಗಳಿಂದ, ತಮಿಳಿನ ಅಗಂ ಕಾವ್ಯದ ತಿಣೆಗಳಿಂದ. ಎಂಟು ವರ್ಷಗಳ ಬಳಿಕ, 1997ರಲ್ಲಿ, ಜೈ ಬಿ. ಪಿ. ಸಿನ್ಹಾ ಮತ್ತು ರವೀಂದ್ರ ಕಾನುಂಗೊ ಎಂಬ ಸಂಘಟನಾ ಮನೋವಿಜ್ಞಾನಿಗಳು ಭಾರತೀಯ ಸಂಸ್ಥೆಗಳಲ್ಲಿ ಜನರ ನಡವಳಿಕೆಯನ್ನು ವಿವರಿಸಲು ಇದೇ ‘ಸಂದರ್ಭ ಸಂವೇದನೆ’ಯ ಪರಿಕಲ್ಪನೆಯನ್ನು ಬಳಸಿದರು. ಕಾವ್ಯ ಓದಿದವರ ಒಳನೋಟ ಕಾರ್ಖಾನೆಯ ವಿಶ್ಲೇಷಣೆಗೂ ಒದಗುತ್ತದೆ ಎಂಬುದಕ್ಕೆ ಇಷ್ಟು ಸಾಕು. ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರು ರಾಂಪುರವೆಂದು ಕರೆದ ಒಂದು ಹಳ್ಳಿಯಲ್ಲಿ ಕುಳಿತು ಕೇಳಿದ ಮಾತುಗಳಿಂದ ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆ ಜಗತ್ತಿನ ಸಮಾಜಶಾಸ್ತ್ರಕ್ಕೆ ಹೋಯಿತು.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಮೊದಲನೆಯದು ಸಾಹಿತ್ಯದ ಕಡೆಯಿಂದ: ಸಾಹಿತ್ಯ ಓದುವವರು ಕಂಪನಿಗಳ ಲಾಭಕ್ಕೆ ದುಡಿಯಬೇಕೇ? ಕೆಲಸಗಾರರ ದಾಕ್ಷಿಣ್ಯದ ಗುಟ್ಟನ್ನು ಬಿಡಿಸಿ ಮಾಲೀಕರ ಕೈಗೆ ಕೊಡಬೇಕೇ? ಈ ಆಕ್ಷೇಪಕ್ಕೆ ತೂಕವಿದೆ, ಅದನ್ನು ತಳ್ಳಿಹಾಕಬಾರದು. ಆದರೆ ಜ್ಞಾನ ಹುಟ್ಟದೆ ಇದ್ದರೆ ಮಾಲೀಕರಿಗೆ ನಷ್ಟವಾಗುವುದಕ್ಕಿಂತ ಕೆಲಸಗಾರರಿಗೇ ನಷ್ಟ ಹೆ‌ಚ್ಚು. ‘ಈ ಸೀಮೆಯ ಜನ ಅಂಜುಬುರುಕರು, ಅಪ್ಪಣೆ ಕೊಟ್ಟರೆ ಮಾತ್ರ ದುಡಿಯುವವರು’ ಎಂಬ ತೀರ್ಪನ್ನು 77 ಎಂಬ ಅಂಕಿಯ ಬೆಂಬಲದಿಂದ ಯಾರಾದರೂ ಕೊಟ್ಟರೆ, ಅದನ್ನು ಸಾಕ್ಷ್ಯಸಮೇತ ಅಲ್ಲಗಳೆಯುವವರು ಬೇಕು. ದಾಕ್ಷಿಣ್ಯವನ್ನು ಹೊಗಳಿ ಕೂರುವ ಅಗತ್ಯವೂ ಇಲ್ಲ. ದಾಕ್ಷಿಣ್ಯಕ್ಕೆ ಬಸಿರಾಗಬಾರದು ಎಂಬ ಒರಟು ಗಾದೆಯನ್ನು ಕಟ್ಟಿದ ಕನ್ನಡಕ್ಕೆ ಅದರ ಅಪಾಯ ಚೆನ್ನಾಗಿ ಗೊತ್ತು. ಯಂತ್ರದ ದೋಷವನ್ನು ದಾಕ್ಷಿಣ್ಯಕ್ಕಾಗಿ ಹೇಳದೆ ಬಿಟ್ಟರೆ ಬೆರಳು ಹೋಗುವುದು ಕೆಲಸಗಾರರದ್ದೇ.

ಎರಡನೆಯ ಆಕ್ಷೇಪ ಎದುರು ಕಟ್ಟಡದಿಂದ ಬರುತ್ತದೆ: ಅಂಕಿಅಂಶದ ಗಂಧವಿಲ್ಲದವರು ಈ ಕ್ಷೇತ್ರದಲ್ಲಿ ಏನು ಮಾಡಬಲ್ಲರು? ಇದೂ ನ್ಯಾಯವಾದ ಮಾತು. ಪದದ ಮೇಲಿನ ಪ್ರೀತಿಯೊಂದೇ ಸಾಲದು. ಮಾದರಿ ಆರಿಸುವುದು, ಪ್ರಶ್ನೆಯ ವಿಶ್ವಾಸಾರ್ಹತೆಯನ್ನು ಪರೀಕ್ಷಿಸುವುದು, ಎರಡು ಸಂಗತಿಗಳು ಜೊತೆಯಲ್ಲಿ ಏರಿಳಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದೆಂದು ಅರಿಯುವುದು, ಇವನ್ನು ಕಲಿಯಲೇಬೇಕು. ಛಂದಸ್ಸಿನಲ್ಲಿ ಮಾತ್ರೆ ಎಣಿಸಿ, ಗಣ ವಿಂಗಡಿಸಿ, ಶಬ್ದಮಣಿದರ್ಪಣದ ಸೂತ್ರಗಳನ್ನು ಅರಗಿಸಿಕೊಂಡವರಿಗೆ ಪ್ರಾಥಮಿಕ ಸಂಖ್ಯಾಶಾಸ್ತ್ರ ಎಟುಕದ ಹಣ್ಣೇನಲ್ಲ. ಹಾಫ್‌ಸ್ಟೆಡೆ ಎಂಜಿನಿಯರ್, ದೊಯಿ ವೈದ್ಯರು, ರಾಮಾನುಜನ್ ಕವಿ. ಇವರಲ್ಲಿ ಯಾರೂ ವಾಣಿಜ್ಯ ಪದವಿಯಿಂದ ಆರಂಭಿಸಿದವರಲ್ಲ.

ದಾರಿ ಉದ್ದದ್ದು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಪದವಿಯ ಬಳಿಕ ಕನ್ನಡ, ಭಾಷಾವಿಜ್ಞಾನ, ಸಮಾಜಶಾಸ್ತ್ರ ಇಲ್ಲವೇ ಮಾನವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ. ಅದರ ಮೇಲೆ ಹಲವು ವರ್ಷಗಳ ಡಾಕ್ಟರೇಟ್ ಅಧ್ಯಯನ. ಐಐಎಂಗಳ ಡಾಕ್ಟರೇಟ್ ಕಾರ್ಯಕ್ರಮಗಳು ಸಾಮಾನ್ಯವಾಗಿ ಯಾವುದೇ ವಿಷಯದ ಸ್ನಾತಕೋತ್ತರ ಪದವೀಧರರಿಗೆ ತೆರೆದಿವೆ. ಅಂಕಗಳ ಮಿತಿ ಮತ್ತು ಪ್ರವೇಶ ಪರೀಕ್ಷೆಯನ್ನು ದಾಟಬೇಕು. ಬೆಂಗಳೂರಿನಲ್ಲಿ 1972ರಿಂದ ಇರುವ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಮೈಸೂರಿನಲ್ಲಿ 1969ರಿಂದ ಇರುವ ಭಾರತೀಯ ಭಾಷಾ ಸಂಸ್ಥಾನ, ಸೇಲಂನಲ್ಲಿ 1997ರಿಂದ ಇರುವ ಪೆರಿಯಾರ್ ವಿಶ್ವವಿದ್ಯಾಲಯ ಇವೆಲ್ಲ ಈ ಸೀಮೆಗೆ ಹತ್ತಿರದ ನೆಲೆಗಳು. ಬರವಣಿಗೆ ಇಂಗ್ಲಿಷಿನಲ್ಲೂ ನಡೆಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕನ್ನಡದ ಜೊತೆಗೆ ನೆರೆಯ ಇನ್ನೊಂದು ಭಾಷೆ ಕೈವಶವಾಗಿರಬೇಕು. ಒಂದೇ ನುಡಿ ಬಲ್ಲವರಿಗೆ ಹೋಲಿಕೆ ಎಂಬುದೇ ಇಲ್ಲ.

ಡಾಕ್ಟರೇಟ್‌ವರೆಗೆ ಕಾಯದೆ, ಪದವಿಯ ಅಂತಿಮ ವರ್ಷದಲ್ಲೇ ಮಾಡಬಹುದಾದ ಕೆಲಸಗಳಿವೆ. ಸೇಲಂನ ಕನ್ನಡ ದೇವಾಂಗ ನೇಕಾರರು ತಮಿಳು ವ್ಯಾಪಾರಿಗಳೊಡನೆ ಬೆಲೆ ಮಾತನಾಡುವಾಗ ಎಲ್ಲಿ ನುಡಿ ಬದಲಿಸುತ್ತಾರೆ? ಹೊಸೂರಿನ ಕಾರ್ಖಾನೆಗಳ ಎಚ್ಚರಿಕೆಯ ಫಲಕಗಳು ಯಾವ ಭಾಷೆಗಳಲ್ಲಿವೆ, ಅವುಗಳ ಕ್ರಿಯಾಪದಗಳು ಅಪ್ಪಣೆಯವೇ, ವಿನಂತಿಯವೇ? ಮರಗೆಣಸು ಬೆಳೆಯುವ ರೈತರು ಸಾಬಕ್ಕಿ ಗಿರಣಿಯವರನ್ನು ಯಾವ ಸಂಬಂಧವಾಚಕದಿಂದ ಕರೆಯುತ್ತಾರೆ, ಬಾಕಿ ಕೇಳುವ ದಿನ ಆ ಸಂಬಂಧವಾಚಕ ಬದಲಾಗುತ್ತದೆಯೇ? ಇವಕ್ಕೆ ಯಾವ ಅನುದಾನವೂ ಬೇಡ. ಒಂದು ಟಿಪ್ಪಣಿ ಪುಸ್ತಕ, ಬಸ್ಸಿನ ಖರ್ಚು, ಕೇಳುವ ತಾಳ್ಮೆ ಸಾಕು.

ಈ ಕೆಲಸಕ್ಕೆ ಅವಸರವೂ ಇದೆ. ತಮಿಳುನಾಡಿನ 2006ರ ತಮಿಳು ಕಲಿಕಾ ಕಾಯ್ದೆಯ ಬಳಿಕ ಹೊಸೂರಿನ ಕಡೆಯ ಕನ್ನಡ ಮನೆಯ ಮಕ್ಕಳಿಗೂ ಶಾಲೆಯಲ್ಲಿ ತಮಿಳು ಕಡ್ಡಾಯವಾಗಿದೆ. ಅದರ ಸರಿತಪ್ಪುಗಳ ಚರ್ಚೆ ಬೇರೆ. ಆದರೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷ್ ಎಂದು ನಾಲ್ಕು ನುಡಿಗಳ ನಡುವೆ ಬೆಳೆಯುವ ಆ ಮಕ್ಕಳು ಪ್ರತಿದಿನ ಮಾಡುತ್ತಿರುವ ಕೆಲಸವೇ ಈ ಶಾಸ್ತ್ರದ ವಸ್ತು. ಅವರು ಅದನ್ನು ಹೊರೆಯೆಂದೇ ತಿಳಿದು ಬೆಳೆದರೆ, ಒಂದು ತಲೆಮಾರಿನಲ್ಲಿ ಮನೆಯ ಕನ್ನಡ ಹೋಗುತ್ತದೆ, ಅದರೊಡನೆ ದಾಕ್ಷಿಣ್ಯ ಮತ್ತು ತಯಕ್ಕಂಗಳ ನಡುವಿನ ವ್ಯತ್ಯಾಸ ಬಲ್ಲ ಕಿವಿಯೂ ಹೋಗುತ್ತದೆ. ಅದು ವಿದ್ಯೆಯೆಂದು, ಅದರಿಂದ ಒಂದು ವೃತ್ತಿಯನ್ನೇ ಕಟ್ಟಬಹುದೆಂದು ಅವರಿಗೆ ಹೇಳುವವರು ಬೇಕು. ಹಾಗೆ ಹೇಳುವ ಮೊದಲ ಹೊಣೆ ಕನ್ನಡ ವಿಭಾಗಗಳದ್ದು. ಆ ಹೊಣೆಯನ್ನು ಹೊರಲು ಕನ್ನಡ ವಿದ್ಯಾರ್ಥಿಗಳು ಮುಂದಿನ ವರ್ಷ ವಾಣಿಜ್ಯ ವಿಭಾಗದ ಗ್ರಂಥಾಲಯದ ಬಾಗಿಲನ್ನು ತಟ್ಟಬೇಕು. ಆ ವಿಷಯದಲ್ಲಂತೂ ದಾಕ್ಷಿಣ್ಯ ಬೇಡ.